ಕಾಲು ನಡೆಯುತ್ತದೆ, ಮನಸ್ಸು ಎಲ್ಲಿದೆ?

ನಡಿಗೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದಾಗ ಹೆಚ್ಚಿನವು ತೂಕ, ಶುಗರ್ ಸುತ್ತ ಇರಬಹುದು ಎಂದುಕೊಂಡಿದ್ದೆವು. ಬಂದ ಪತ್ರಗಳು ಬೇರೆಯೇ ಹಾಡು ಹಾಡುತ್ತಿವೆ: ‘ನಡೆಯುತ್ತಿದ್ದೇನೆ, ಆದರೆ ಖುಷಿ ಇಲ್ಲ’, ‘ಬೇಸರವಾಗಿದೆ’, ‘ಹೊಸದೇನೂ ಇಲ್ಲ’. ಆಯ್ದ ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತೇನೆ. ಶುಗರ್ ಹತೋಟಿಯಲ್ಲಿದೆ. ಆದರೆ ಮನೆಗೆ ಬಂದ ಮೇಲೆ ಯೋಚಿಸಿದರೆ ದಾರಿಯಲ್ಲಿ ಏನನ್ನೂ ನೋಡಿದ ನೆನಪಿರುವುದಿಲ್ಲ. ತಲೆಯಲ್ಲಿ ಮಗನ ಸೈಟಿನ ವ್ಯಾಜ್ಯ, ಹಳೆಯ ಆಫೀಸಿನ ಜಗಳ ಇವೇ ಸುತ್ತುತ್ತಿರುತ್ತವೆ. ‘ಮೈಂಡ್‌ಫುಲ್ ವಾಕಿಂಗ್ ಮಾಡಿ ಮಾವ’ ಎನ್ನುತ್ತಾಳೆ ಸೊಸೆ. ಹಾಗೆಂದರೆ ನಿಜವಾಗಿ ಏನು ಮಾಡಬೇಕು?
– ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಉತ್ತರ: ಗಮನದ ನಡಿಗೆ ಎಂದರೆ ಇಡುವ ಹೆಜ್ಜೆಯ ಮೇಲೇ ಮನಸ್ಸಿಟ್ಟು ನಡೆಯುವುದು. ಹೆಸರು ಹೊಸದು, ಕೆಲಸ ಹಳೆಯದು. ಬೌದ್ಧರು ಇದನ್ನು ಚಂಕ್ರಮಣ ಎಂದರು. ಬೋಧಗಯೆಯ ಮಹಾಬೋಧಿ ದೇವಾಲಯದ ಉತ್ತರ ಬದಿಯಲ್ಲಿ, ಬುದ್ಧ ಅತ್ತಿಂದಿತ್ತ ನಡೆದ ಜಾಗವೆಂದು ಕಲ್ಲಿನ ಕಮಲಗಳ ಸಾಲೊಂದನ್ನು ಇಂದಿಗೂ ತೋರಿಸುತ್ತಾರೆ. ಜೈನ ಮುನಿಗಳಿಗೆ ಈರ್ಯಾಸಮಿತಿ ಎಂಬ ನಿಯಮವಿದೆ: ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತಾ, ಇರುವೆಗೂ ನೋವಾಗದಂತೆ ಹೆಜ್ಜೆ ಇಡಬೇಕು. ಶ್ರವಣಬೆಳಗೊಳದ ಸುತ್ತ ಮುನಿಗಳು ವಿಹಾರ ಮಾಡುವುದನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ.

ಮಾಡುವ ಕ್ರಮ ಹೀಗೆ. ಮೊದಲ ಒಂದು ವಾರ ಕೆರೆ ಏರಿಯ ಮೇಲೆ ಪ್ರಯತ್ನಿಸಬೇಡಿ, ಅಲ್ಲಿ ‘ನಮಸ್ಕಾರ ಸಾರ್’ ಎನ್ನುವವರು ಬಹಳ. ಮನೆಯ ಹಜಾರದಲ್ಲೋ ತಾರಸಿಯಲ್ಲೋ 20ರಿಂದ 30 ಹೆಜ್ಜೆ ಉದ್ದದ ಸಮತಟ್ಟಾದ ಜಾಗ ಆರಿಸಿಕೊಳ್ಳಿ. ಒಂದು ತುದಿಯಲ್ಲಿ ಒಂದು ನಿಮಿಷ ಸುಮ್ಮನೆ ನಿಲ್ಲಿ. ಮೈಭಾರ ಹಿಮ್ಮಡಿಯ ಮೇಲಿದೆಯೋ, ಮುಂಗಾಲಿನ ಮೇಲಿದೆಯೋ, ಎಡಕ್ಕೆ ಹೆಚ್ಚೋ ಬಲಕ್ಕೆ ಹೆಚ್ಚೋ ಎಂದಷ್ಟೇ ನೋಡಿಕೊಳ್ಳಿ. ಕೈಗಳನ್ನು ಮುಂದೆ ಅಥವಾ ಹಿಂದೆ ಸಡಿಲವಾಗಿ ಹಿಡಿದುಕೊಳ್ಳಿ. ನೋಟ ಸುಮಾರು ಆರು ಅಡಿ ಮುಂದಿನ ನೆಲದ ಮೇಲಿರಲಿ. ಬೆರಳುಗಳನ್ನೇ ನೋಡುತ್ತಾ ನಡೆದರೆ ಎರಡೇ ದಿನಕ್ಕೆ ಕತ್ತು ಹಿಡಿದುಕೊಳ್ಳುತ್ತದೆ.

ಮೊದಲ ಐದು ನಿಮಿಷ ಮಾಮೂಲಿಗಿಂತ ಸ್ವಲ್ಪ ನಿಧಾನವಾಗಿ ನಡೆಯುತ್ತಾ ಮನಸ್ಸಿನಲ್ಲಿ ‘ಎಡ, ಬಲ’ ಎಂದುಕೊಳ್ಳಿ. ಇನ್ನಷ್ಟು ನಿಧಾನವಾದ ಮೇಲೆ ಪ್ರತಿ ಹೆಜ್ಜೆಯನ್ನೂ ಎರಡು ಭಾಗ ಮಾಡಿ: ಎತ್ತುವುದು, ಇಡುವುದು. ಮೂರ್ನಾಲ್ಕು ದಿನ ಕಳೆದ ಮೇಲೆ ಮೂರು ಭಾಗ: ಎತ್ತುವುದು, ಮುಂದೊಯ್ಯುವುದು, ಇಡುವುದು. ಬರ್ಮಾದ ಬೌದ್ಧ ಭಿಕ್ಷು ಮಹಾಸಿ ಸಯಾಡೊ ಅವರ ಪರಂಪರೆಯ ವಿಪಸ್ಸನಾ ಧ್ಯಾನ ಕೇಂದ್ರಗಳಲ್ಲಿ ಹೇಳಿಕೊಡುವುದು ಇದನ್ನೇ. ಮಾತು ಮನಸ್ಸಿನಲ್ಲಿ ಮೆತ್ತಗಿರಲಿ. ಗಮನದ ಹೆಚ್ಚಿನ ಪಾಲು ಅಂಗಾಲಿಗೆ ಹೋಗಬೇಕು: ನೆಲದ ತಂಪು, ಹಿಮ್ಮಡಿ ತಾಗುವ ಗಳಿಗೆ, ಭಾರ ಹೆಬ್ಬೆರಳ ಬುಡಕ್ಕೆ ಜಾರುವುದು. ಒಂದು ಪಾದದಲ್ಲಿ 26 ಮೂಳೆಗಳಿವೆ, ಗಮನಿಸುವುದಕ್ಕೆ ಬರವಿಲ್ಲ.

ತುದಿ ತಲುಪಿದಾಗ ನಿಲ್ಲಿ. ನಿಂತಿದ್ದೇನೆ ಎಂಬುದು ಅರಿವಿಗೆ ಬಂದ ಮೇಲೆ ಮೂರು ನಾಲ್ಕು ಪುಟ್ಟ ಹೆಜ್ಜೆಗಳಲ್ಲಿ ತಿರುಗಿ. ಮನಸ್ಸು ಹೆಚ್ಚಾಗಿ ಕಳ್ಳತನ ಮಾಡುವುದು ಈ ತಿರುವಿನಲ್ಲೇ. ಸೈಟಿನ ವ್ಯಾಜ್ಯ ನುಸುಳಿದ್ದು ಗೊತ್ತಾದ ಕೂಡಲೇ ‘ಯೋಚನೆ’ ಎಂದು ಹೆಸರಿಟ್ಟು ಮುಂದಿನ ಹೆಜ್ಜೆಗೆ ಬನ್ನಿ. ಹತ್ತು ನಿಮಿಷದಲ್ಲಿ ನಲವತ್ತು ಸಲ ಹೀಗಾದರೂ ಅದು ಸೋಲಲ್ಲ. ಹಾಗೆ ಮರಳಿ ಬರುವುದೇ ಇಲ್ಲಿನ ಕಸರತ್ತು. ವಕೀಲರಿಗೆ ಫೋನ್ ಮಾಡಬೇಕು ಎಂಬಂಥ ನಿಜವಾದ ಕೆಲಸ ನೆನಪಾದರೆ ಜೇಬಿನ ಚೀಟಿಯಲ್ಲಿ ಒಂದು ಪದ ಬರೆದುಕೊಳ್ಳಿ. ಬರೆದಿಟ್ಟದ್ದನ್ನು ಮನಸ್ಸು ಅಷ್ಟಾಗಿ ಪೀಡಿಸುವುದಿಲ್ಲ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಕೆಲವರು ಹಲ್ಲು ಕಚ್ಚಿಕೊಂಡು ಗಮನ ಕೊಡುತ್ತಾರೆ. ದವಡೆ, ಹುಬ್ಬು ಬಿಗಿದಿದ್ದರೆ ಸಡಿಲಿಸಿ. ಕೆಲವರು ಉಸಿರನ್ನು ಹೆಜ್ಜೆಗೆ ಬಲವಂತವಾಗಿ ಹೊಂದಿಸಲು ಹೋಗಿ ತಲೆ ಸುತ್ತು ತಂದುಕೊಳ್ಳುತ್ತಾರೆ. ಉಸಿರನ್ನು ಅದರ ಪಾಡಿಗೆ ಬಿಡಿ. ಇನ್ನು ಕೆಲವರು ‘ಚೆನ್ನಾಗಿ ಮಾಡುತ್ತಿದ್ದೇನಾ?’ ಎಂದು ಹೆಜ್ಜೆಗೊಮ್ಮೆ ತಮಗೇ ಅಂಕ ಕೊಟ್ಟುಕೊಳ್ಳುತ್ತಾರೆ. ಅದೂ ಯೋಚನೆಯೇ, ಅದಕ್ಕೂ ಅದೇ ಹೆಸರಿಟ್ಟು ಬಿಡಿ.

ಮೊದಲ ವಾರ ದಿನಕ್ಕೆ 10 ನಿಮಿಷ, ಆಮೇಲೆ 15. ಹಾಗೆಂದು ಕೆರೆಯ ನಡಿಗೆ ಬಿಡಬೇಡಿ; ನಿಧಾನದ ನಡಿಗೆಯಿಂದ ಶುಗರ್‌ಗೆ ಅಷ್ಟು ಉಪಕಾರವಾಗದು. ಅರ್ಧ ಗಂಟೆ ಬಿರುಸಾಗಿ ನಡೆದು ಉಳಿದ ಕಾಲು ಗಂಟೆಯನ್ನು ಇದಕ್ಕೆ ಕೊಡಿ. ಎರಡನೇ ವಾರದಿಂದ ಬಿರುಸು ನಡಿಗೆಯಲ್ಲೂ ಇದನ್ನು ಬೆರೆಸಬಹುದು. ಎರಡು ಬೆಂಚುಗಳ ನಡುವಿನ ದೂರವನ್ನು ಹಿಮ್ಮಡಿಯ ಸ್ಪರ್ಶಕ್ಕೆ ಮೀಸಲಿಡಿ, ಮುಂದಿನ ಎರಡರ ನಡುವೆ ಕಿವಿಗೆ ಬೀಳುವ ಸದ್ದುಗಳಿಗೆ, ಅದರ ಮುಂದಿನದನ್ನು ಮನಸ್ಸಿಗೆ ಬಿಟ್ಟುಕೊಡಿ. ಆಗ ಕೆರೆಯ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ತಾವಾಗಿಯೇ ಕಣ್ಣಿಗೆ ಬೀಳುತ್ತವೆ.

ಪ್ರಶ್ನೆ: ನಿಧಾನವಾಗಿ ನಡೆದರೆ ವಾಲುತ್ತೇನೆ, ಬೀಳುವಂತಾಗುತ್ತದೆ. ವಯಸ್ಸು 58. ಏನಾದರೂ ತೊಂದರೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಮಾಮೂಲಿ ವೇಗದಲ್ಲಿ ಮುಂದೆ ಬೀಳುವುದನ್ನು ಮುಂದಿನ ಹೆಜ್ಜೆ ತಡೆಯುತ್ತಾ ಹೋಗುತ್ತದೆ, ಸೈಕಲ್ಲಿನ ಹಾಗೆ. ನಿಧಾನ ಮಾಡಿದಷ್ಟೂ ಒಂಟಿಗಾಲಿನ ಮೇಲೆ ನಿಲ್ಲುವ ಹೊತ್ತು ಹೆಚ್ಚುತ್ತದೆ, ವಾಲುವುದು ಅದಕ್ಕೆ. ಪಾದಗಳ ನಡುವೆ ಒಂದು ಗೇಣು ಅಂತರವಿರಲಿ, ಹೆಜ್ಜೆ ಗಿಡ್ಡದಾಗಲಿ, ಗೋಡೆಯ ಪಕ್ಕದಲ್ಲೇ ನಡೆಯಿರಿ, ಕಣ್ಣು ಮುಚ್ಚಬೇಡಿ. ಮಾಮೂಲಿ ವೇಗದಲ್ಲೂ ವಾಲುವಂತಿದ್ದರೆ, ಅಂಗಾಲು ಜೋಮು ಹಿಡಿದಂತಿದ್ದರೆ, ಹಾಸಿಗೆಯಿಂದ ಎದ್ದಾಗ ಕೋಣೆ ಗಿರ್ರನೆ ತಿರುಗಿದರೆ ಡಾಕ್ಟರಿಗೆ ತೋರಿಸಿ. ಕಿವಿಯ ಒಳಭಾಗದ ತೊಂದರೆ, ಬಿ12 ಕೊರತೆ, ರಕ್ತದೊತ್ತಡದ ಮಾತ್ರೆ ಹೆಚ್ಚಾಗಿರುವುದು, ಮೂರಕ್ಕೂ ಮದ್ದಿದೆ.

ಪ್ರಶ್ನೆ: ಸಾಫ್ಟ್‌ವೇರ್ ಕೆಲಸ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲೇಬೇಕೆಂದು ರಾತ್ರಿ 11ಕ್ಕೆ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಸುತ್ತುತ್ತೇನೆ. 9,400ಕ್ಕೆ ನಿಂತರೆ ನಿದ್ದೆ ಬರುವುದಿಲ್ಲ. ಇದರಿಂದ ಸಂತೋಷಕ್ಕಿಂತ ಹಿಂಸೆಯೇ ಜಾಸ್ತಿ.
– ಓದುಗ, ಎಲೆಕ್ಟ್ರಾನಿಕ್ ಸಿಟಿ, ಬೆಂಗಳೂರು

ಉತ್ತರ: ಆ ಹತ್ತು ಸಾವಿರ ಯಾವ ವೈದ್ಯರೂ ಬರೆದುಕೊಟ್ಟ ಚೀಟಿಯಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಸಾ ಎಂಬ ಕಂಪನಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರುಕಟ್ಟೆಗೆ ತಂದು ‘ಮಾನ್ಪೊ-ಕೇ’ ಎಂದು ಹೆಸರಿಟ್ಟಿತು. ಅರ್ಥ, ಹತ್ತು ಸಾವಿರ ಹೆಜ್ಜೆಯ ಮೀಟರು. ಮಾರಾಟಕ್ಕೆ ಇಟ್ಟ ದುಂಡು ಸಂಖ್ಯೆ ಈಗ ನಿಮ್ಮ ನಿದ್ದೆ ಕೆಡಿಸುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ ಹೆಜ್ಜೆಯ ಲೆಕ್ಕ ಹೇಳುವುದೇ ಇಲ್ಲ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಸಾಕು ಎನ್ನುತ್ತದೆ. ನಿಮಿಷಕ್ಕೆ ಸುಮಾರು 100 ಹೆಜ್ಜೆ ಬಿದ್ದರೆ ಅದು ಮಧ್ಯಮ ಶ್ರಮ: ಮಾತಾಡಬಹುದು, ಹಾಡಲು ಆಗದು.

ಎರಡು ವಾರ ಗಡಿಯಾರದ ಹೆಜ್ಜೆ ಲೆಕ್ಕವನ್ನು ಮರೆಮಾಡಿ ನೋಡಿ. ಬೆಳಿಗ್ಗೆಯೋ ಸಂಜೆಯೋ 25 ನಿಮಿಷ ಬಿಸಿಲು ಬೆಳಕಿನಲ್ಲಿ ನಡೆಯಿರಿ, ರಾತ್ರಿ ಊಟವಾದ ಮೇಲೆ 10 ನಿಮಿಷ ನಿಧಾನವಾಗಿ ಓಡಾಡಿ. ಭಾನುವಾರ ಅದೇ ಪಾರ್ಕಿಂಗ್ ಸುತ್ತುವ ಬದಲು ಬೇಗೂರಿಗೆ ಹೋಗಿ. ನಿಮಗೆ ದೂರವೇನಲ್ಲ. ‘ಬೆಂಗಳೂರು’ ಎಂಬ ಹೆಸರಿರುವ, ಒಂಬತ್ತನೇ ಶತಮಾನದ ಕೊನೆಯ ಹೊತ್ತಿನ ವೀರಗಲ್ಲು ಶಾಸನ ಅಲ್ಲಿನ ಗುಡಿಯ ಆವರಣದಲ್ಲಿದೆ. ಅದರ ಮುಂದೆ ನಿಂತ ಹೊತ್ತನ್ನು ಗಡಿಯಾರ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪ್ರಶ್ನೆ: ಮನ್ಯಾಗ ಅತ್ತಿಯವರು ಹಾಸಗಿ ಹಿಡದಾರ, ಹುಡುಗರು ಸಣ್ಣವು. ಹೊರಗ ಹೋಗಾಕ ಆಗಂಗಿಲ್ರಿ. ಮನಿಯೊಳಗ ನಡದ್ರ ಏನರ ಉಪಯೋಗ ಐತೇನು?
– ಗೃಹಿಣಿ, ಹುಬ್ಬಳ್ಳಿ

ಉತ್ತರ: ಖಂಡಿತ ಇದೆ. ಗಮನದ ನಡಿಗೆಗೆ ದಾರಿಯ ಉದ್ದ ಬೇಕಿಲ್ಲ, ಮಾಳಿಗೆಯ ಮೇಲೆ 15 ಹೆಜ್ಜೆಯ ಜಾಗವಿದ್ದರೆ ಬೇಕಾದಷ್ಟಾಯಿತು. ಅದೂ ಇಲ್ಲದಿದ್ದರೆ ತುಳಸಿ ಕಟ್ಟೆ. ಪ್ರದಕ್ಷಿಣೆ ಹೇಗೆ ಹಾಕಬೇಕು ಎನ್ನುವುದಕ್ಕೆ ಹಳೆಯ ಶ್ಲೋಕವೊಂದು ಕೊಡುವ ಹೋಲಿಕೆ ಇದು: ದಿನ ತುಂಬಿದ ಬಸುರಿ, ತುಂಬಿದ ಎಣ್ಣೆ ಕೊಡ ಹೊತ್ತು ನಡೆಯುವ ಹಾಗೆ. ಹೆಜ್ಜೆ ಹೇಗಿರಬೇಕೆಂದು ಇದಕ್ಕಿಂತ ಚೆನ್ನಾಗಿ ಹೇಳಿದವರಿಲ್ಲ. ನಾವು ನೂರೆಂಟು ಸುತ್ತು ಮುಗಿಸುವ ಅವಸರದಲ್ಲಿ ಅದನ್ನು ಓಟ ಮಾಡಿಬಿಟ್ಟಿದ್ದೇವೆ. ಐದು ಸುತ್ತು ಹಾಕಿ, ಆದರೆ ಹಾಗೆ ಹಾಕಿ.

ಪ್ರಯೋಗಕ್ಕೆ ಒಂದು ಚೊಂಬಿನ ಕಂಠದವರೆಗೆ ನೀರು ತುಂಬಿಸಿ, ಎರಡೂ ಕೈಯಲ್ಲಿ ಹಿಡಿದು, ಚೆಲ್ಲದಂತೆ 20 ಹೆಜ್ಜೆ ನಡೆದು ನೋಡಿ. ಮನಸ್ಸು ಚದುರಿದ ಕೂಡಲೇ ನೀರು ತುಳುಕಿ ಹೇಳಿಬಿಡುತ್ತದೆ. ಮಕ್ಕಳನ್ನೂ ಸೇರಿಸಿಕೊಂಡರೆ ಅವರಿಗದು ಆಟ, ನಿಮಗೆ ಅಭ್ಯಾಸ. ನೆಲ ಮಾತ್ರ ಒಣಗಿರಲಿ, ಒದ್ದೆ ಟೈಲ್ಸ್ ಮೇಲೆ ಬೇಡವೇ ಬೇಡ. ಅಡುಗೆಮನೆಯಿಂದ ಅತ್ತೆಯವರ ಕೋಣೆಗೆ ದಿನಕ್ಕೆ ಎಷ್ಟೋ ಸಲ ಓಡಾಡುತ್ತೀರಿ. ಅದರಲ್ಲಿ ಒಂದೇ ಒಂದು ಸಲವನ್ನು, ಉದಾಹರಣೆಗೆ ಮಧ್ಯಾಹ್ನದ ಚಹಾ ಒಯ್ಯುವುದನ್ನು, ಗಮನದ ನಡಿಗೆಗೆ ಮೀಸಲಿಡಿ. ಎಲ್ಲ ಸಲವೂ ಮಾಡುತ್ತೇನೆ ಎಂದು ಹೊರಟರೆ ಮೂರನೇ ದಿನಕ್ಕೆ ಬಿಟ್ಟುಹೋಗುತ್ತದೆ.

ಇನ್ನೊಂದು ಮಾತು. ವಾರಕ್ಕೆ ಒಂದು ಗಂಟೆ ಅತ್ತೆಯವರ ಹತ್ತಿರ ಬೇರೆ ಯಾರಾದರೂ ಕೂರಬೇಕು, ನೀವು ಹೊಸಿಲು ದಾಟಬೇಕು. ಇದನ್ನು ಮನೆಯವರ ಮುಂದೆ ಬಾಯಿ ಬಿಟ್ಟು ಕೇಳಿ. ಚೊಂಬಿನ ನೀರು ಈ ಒಂದು ಗಂಟೆಯ ಕೊರತೆಯನ್ನು ತುಂಬಲಾರದು.

ಪ್ರಶ್ನೆ: ಹೈಸ್ಕೂಲ್ ಶಿಕ್ಷಕಿ. ಏಳು ವರ್ಷದಿಂದ ಒಂದೇ ಬೀದಿ, ಒಂದೇ ಪಾರ್ಕು. ನಡಿಗೆ ಹಲ್ಲುಜ್ಜಿದಷ್ಟು ನೀರಸವಾಗಿದೆ. ‘ಹೊಸ ಅನುಭವ ಹುಡುಕಿ’ ಎನ್ನುತ್ತಾರೆ. ಟ್ರೆಕ್ಕಿಂಗ್, ಹಿಮಾಲಯಕ್ಕೆಲ್ಲ ನನ್ನ ಹತ್ತಿರ ದುಡ್ಡಾಗಲಿ ರಜೆಯಾಗಲಿ ಇಲ್ಲ.
– ಓದುಗರು, ತುಮಕೂರು

ಉತ್ತರ: ಹಿಮಾಲಯ ಎಲ್ಲಿಗೂ ಓಡಿಹೋಗುವುದಿಲ್ಲ, ಇರಲಿ ಬಿಡಿ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನ್ಯೂಯಾರ್ಕ್ ಮತ್ತು ಮಯಾಮಿ ನಗರದ ಜನರ ಓಡಾಟವನ್ನು ಮೂರ್ನಾಲ್ಕು ತಿಂಗಳು ಫೋನಿನ ಜಿಪಿಎಸ್‌ನಿಂದ ಗಮನಿಸಿ, ನಡುನಡುವೆ ಮನಸ್ಸು ಹೇಗಿದೆ ಎಂದು ಸಂದೇಶ ಕಳಿಸಿ ಕೇಳಿದರು. ಹೆಚ್ಚು ವಿಧದ ಜಾಗಗಳಿಗೆ ಹೋದ ದಿನ ಜನ ಹೆಚ್ಚು ಉಲ್ಲಾಸ ಹೇಳಿಕೊಂಡರು. ಆ ಜಾಗಗಳು ದೂರದವೇ ಆಗಬೇಕಿರಲಿಲ್ಲ. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದ ಸಂಶೋಧಕರು ಹಿರಿಯರಿಗೆ ಎಂಟು ವಾರ, ವಾರಕ್ಕೊಮ್ಮೆ 15 ನಿಮಿಷದ ನಡಿಗೆ ಹೇಳಿದರು. ಒಂದು ಗುಂಪಿಗೆ ಮಾತ್ರ ‘ಅಚ್ಚರಿ ಪಡುವಂಥದ್ದನ್ನು ಹುಡುಕುತ್ತಾ ನಡೆಯಿರಿ’ ಎಂದಿದ್ದರು. ದಾರಿಯಲ್ಲಿ ತೆಗೆದುಕೊಂಡ ಸೆಲ್ಫಿಗಳನ್ನು ಅಳೆದಾಗ ತಮಾಷೆಯೊಂದು ಕಂಡಿತು. ವಾರ ಕಳೆದಂತೆ ಈ ಗುಂಪಿನವರ ಮುಖ ಚಿತ್ರದಲ್ಲಿ ಚಿಕ್ಕದಾಗುತ್ತಾ, ಹಿಂದಿನ ನೋಟ ದೊಡ್ಡದಾಗುತ್ತಾ ಹೋಗಿತ್ತು, ನಗು ಅಗಲವಾಗಿತ್ತು.

ಬೇಸರ ಬರುವುದು ರಸ್ತೆಯಿಂದಲ್ಲ. ಮೆದುಳು ಗೊತ್ತಿರುವುದನ್ನು ನೋಡುವ ಗೋಜಿಗೆ ಹೋಗುವುದಿಲ್ಲ, ಹಳೆಯ ನಕ್ಷೆಯನ್ನೇ ಕಣ್ಣಮುಂದೆ ಹಿಡಿದುಬಿಡುತ್ತದೆ. ನಕ್ಷೆಗೆ ಒಂದು ಪೆಟ್ಟು ಕೊಟ್ಟರೆ ಸಾಕು, ಪೂರ್ತಿ ಹರಿಯಬೇಕಿಲ್ಲ. ವಾರಕ್ಕೆ ಒಂದೇ ಅಂಶ ಬದಲಿಸಿ. ಆರು ದಿನ ಹಳೆಯ ದಾರಿಯೇ ಇರಲಿ, ಅಭ್ಯಾಸ ಉಳಿಯುವುದು ಹಾಗೆ. ಏಳನೇ ದಿನ ಮಾತ್ರ ಬೇರೆ.

ಮೊದಲ ವಾರ ಅದೇ ಬೀದಿಯನ್ನು ಎದುರು ದಿಕ್ಕಿನಿಂದ ನಡೆಯಿರಿ. ಅಂಗಡಿಗಳ ಬೋರ್ಡು, ಮನೆಗಳ ಹಿಂಬದಿ, ಮರದ ಇನ್ನೊಂದು ಮಗ್ಗುಲು ಹೊಸದಾಗಿ ಕಾಣುತ್ತವೆ. ಎರಡನೇ ವಾರ ಹೊತ್ತು ಬದಲಿಸಿ: ಬೆಳಿಗ್ಗೆ ಆರರ ಬದಲು ಸಂಜೆ ದೀಪ ಹಚ್ಚುವ ಸಮಯ. ಮೂರನೇ ವಾರ ಕಿವಿಗೆ. ಒಂದು ಜಾಗದಲ್ಲಿ ನಿಂತು ಹತ್ತಿರದ ಸದ್ದಿನಿಂದ ದೂರದ ಸದ್ದಿನ ತನಕ ಐದನ್ನು ಗುರುತಿಸಿ, ಮತ್ತೆ ನಡೆಯಿರಿ. ನಾಲ್ಕನೇ ವಾರ ಮೂಗಿಗೆ. ಅದಕ್ಕೆ ಹೂವಿನ ಮಾರುಕಟ್ಟೆ, ಬೇಕರಿ ಬೀದಿ, ಹಿಟ್ಟಿನ ಗಿರಣಿ ಇರುವ ಗಲ್ಲಿಯೇ ಆಗಬೇಕು. ಐದನೇ ವಾರ ಸಿಟಿ ಬಸ್ಸು ಹತ್ತಿ ಎಂದೂ ಇಳಿಯದ ಸ್ಟಾಪಿನಲ್ಲಿ ಇಳಿದು ನಡೆದೇ ಮನೆಗೆ ಬನ್ನಿ, ನಕ್ಷೆ ನೋಡದೆ, ಕೇಳಿಕೊಂಡು. ದಾರಿ ಕೇಳುವುದನ್ನು ಫೋನು ನಮ್ಮಿಂದ ಕಿತ್ತುಕೊಂಡಿದೆ. ಅಪರಿಚಿತರ ಜೊತೆ ಎರಡು ಮಾತು ಆಡುವ ಸಣ್ಣ ಖುಷಿಯೂ ಅದರೊಂದಿಗೇ ಹೋಗಿದೆ.

ತುಮಕೂರಿನಲ್ಲಿದ್ದು ಜಾಗವಿಲ್ಲ ಎನ್ನುವಂತಿಲ್ಲ. ಅಮಾನಿಕೆರೆ ಊರೊಳಗೇ ಇದೆ. ಸಿದ್ಧಗಂಗೆಯ ಬೆಟ್ಟವನ್ನು ದೇವರಿಗಲ್ಲದೆ ಮೆಟ್ಟಿಲುಗಳಿಗಾಗಿಯೇ ಒಮ್ಮೆ ಹತ್ತಿ. ದೇವರಾಯನದುರ್ಗದ ಕಾಡಿನ ನಾಮದ ಚಿಲುಮೆಗೆ ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಎಣಿಸುತ್ತಾ ಹೋಗಿರುತ್ತೀರಿ, ಎಣಿಸುವ ಕೆಲಸವಿಲ್ಲದೆ ಒಬ್ಬ ಗೆಳತಿಯ ಜೊತೆ ಹೋದರೆ ಅದು ಬೇರೆಯೇ ಊರು. ಕಾಡಿನ ದಾರಿಯಲ್ಲಿ ಒಬ್ಬರೇ ಹೋಗಬೇಡಿ. ಬೆಳಕಿರುವಾಗಲೇ ಹೋಗಿ ಬೆಳಕಿರುವಾಗಲೇ ಬನ್ನಿ.

ದುಡ್ಡೇ ಬೇಡದ ಇನ್ನೊಂದು: ಒಂದು ಮರವನ್ನು ವರ್ಷಪೂರ್ತಿ ನೋಡುವುದು. ನಿಮ್ಮ ಬೀದಿಯಲ್ಲಿ ಹೊಂಗೆ ಇದ್ದೇ ಇರುತ್ತದೆ. ಎಲೆ ಉದುರುವುದು, ಯುಗಾದಿಯ ಆಸುಪಾಸಿನ ಮಿರುಗುವ ಚಿಗುರು, ಆಮೇಲೆ ನೆಲದ ಮೇಲೆ ಅಕ್ಕಿ ಚೆಲ್ಲಿದಂತೆ ಬೀಳುವ ಹೂವು, ಕಾಯಿ. ವಾರಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ಒಂದು ಫೋಟೊ, ನೋಟ್‌ಬುಕ್ಕಿನಲ್ಲಿ ಮೂರು ಸಾಲು. ಮೂರಕ್ಕಿಂತ ಹೆಚ್ಚು ಬರೆಯಲು ಹೋಗಬೇಡಿ, ಹೋಂವರ್ಕ್ ಆಗಿಬಿಡುತ್ತದೆ. ನಿಮಗೆ ಬೇಕಾದಷ್ಟು ನೋಟ್ಸ್ ತಿದ್ದುವುದಿದೆ.

ಪ್ರಶ್ನೆ: ಇಯರ್‌ಫೋನ್‌ನಲ್ಲಿ ದಾಸರ ಪದ ಕೇಳುತ್ತಾ ನಡೆದರೆ ಅದೂ ಗಮನದ ನಡಿಗೆ ಅಲ್ಲವೇ?
– ಓದುಗರು, ಉಡುಪಿ

ಉತ್ತರ: ಅಲ್ಲ. ಅದು ಒಳ್ಳೆಯ ಸಂಗೀತ ಮತ್ತು ಒಳ್ಳೆಯ ವ್ಯಾಯಾಮ, ಎರಡನ್ನೂ ಮುಂದುವರಿಸಿ. ರಸ್ತೆಯಲ್ಲಿದ್ದಾಗ ಒಂದು ಕಿವಿ ಖಾಲಿ ಇರಲಿ. ಕೊನೆಯ ಹತ್ತು ನಿಮಿಷ ಎರಡೂ ಖಾಲಿ ಇರಲಿ.

ಪ್ರಶ್ನೆ: ಬೆಳಗಿನ ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಮನಸ್ಸಿಗೆ ನೆಮ್ಮದಿ, ಕಣ್ಣಿಗೆ ಒಳ್ಳೆಯದು ಎನ್ನುತ್ತಾರೆ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ನಡೆಯಬಹುದೇ?
– ಓದುಗರು, ದಾವಣಗೆರೆ

ಉತ್ತರ: ನೀವು ನಡೆಯಬೇಡಿ. ಹಿತವಾಗುತ್ತದೆ ಎಂಬುದು ನಿಜ, ಕಣ್ಣಿನ ದೃಷ್ಟಿ ಸುಧಾರಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಇಷ್ಟು ವರ್ಷದ ಮಧುಮೇಹದಲ್ಲಿ ಅಂಗಾಲಿನ ಸ್ಪರ್ಶ ಕುಂದಿರುವ ಸಾಧ್ಯತೆ ಹೆಚ್ಚು. ಮುಳ್ಳು ಚುಚ್ಚಿದ್ದು, ಗಾಜು ತಾಗಿದ್ದು ಗೊತ್ತಾಗುವುದೇ ಇಲ್ಲ. ಕಾಲು ಕಳೆದುಕೊಂಡ ಎಷ್ಟೋ ಜನರ ಕಥೆ ಶುರುವಾಗುವುದು ಇಂಥ ಗೊತ್ತೇ ಆಗದ ಗಾಯದಿಂದ. ಕಂಪಿಸುವ ಲೋಹದ ಫೋರ್ಕು ಅಥವಾ ನೈಲಾನ್ ಎಳೆ ತಾಗಿಸಿ ಸ್ಪರ್ಶ ಪರೀಕ್ಷಿಸುತ್ತಾರೆ, ವರ್ಷಕ್ಕೊಮ್ಮೆ ಮಾಡಿಸಿ. ದಿನಾ ರಾತ್ರಿ ಕನ್ನಡಿ ಹಿಡಿದು ಅಂಗಾಲು, ಬೆರಳ ಸಂದು ನೋಡಿಕೊಳ್ಳಿ. ಶೂ ಹಾಕುವ ಮುನ್ನ ಒಳಗೆ ಕೈ ಹಾಕಿ ತಡವಿ.

ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ದೂರ ನಡೆಯಬಾರದು. ಜೇಬಿನಲ್ಲಿ ಮೂರು ಟೀ ಚಮಚ ಸಕ್ಕರೆಯ ಪೊಟ್ಟಣ, ಅಂದರೆ ಹತ್ತಿರ ಹತ್ತಿರ 15 ಗ್ರಾಂ, ಯಾವಾಗಲೂ ಇರಲಿ. ಕೈ ನಡುಗಿ, ಬೆವರಿ, ಹಸಿವಾದಂತೆ ಅನಿಸಿದರೆ ಶುಗರ್ ತೀರಾ ಇಳಿದಿರಬಹುದು, ಅಲ್ಲೇ ಕುಳಿತು ತಿನ್ನಿ. 15 ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಅಷ್ಟೇ. ಸ್ಪರ್ಶದ ಅಭ್ಯಾಸ ಬೇಕೆಂದರೆ ಹುಲ್ಲನ್ನು ಕೈಯಿಂದ ಸವರಿ, ಇಬ್ಬನಿ ಕೈಗೂ ಅಷ್ಟೇ ತಂಪು.

ಪ್ರಶ್ನೆ: ನಾವು ಐವರು ಗೆಳೆಯರು ಈ ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುವವರಿದ್ದೇವೆ. ಇದೇ ಮೊದಲು. ಎರಡು ತಿಂಗಳಿದೆ. ಹೇಗೆ ತಯಾರಾಗುವುದು?
– ಓದುಗರು, ಹಾಸನ

ಉತ್ತರ: ವಾರದಲ್ಲಿ ನಾಲ್ಕು ದಿನ ತಲಾ 40 ನಿಮಿಷ ನಡೆಯಿರಿ, ಭಾನುವಾರ ಒಂದು ಉದ್ದದ ನಡಿಗೆ: 6, 8, 10, 8, 13, 16, 20, 8 ಕಿ.ಮೀ., ಹೀಗೆ ಎಂಟು ವಾರ. ನಾಲ್ಕನೆಯದು ಮತ್ತು ಕೊನೆಯದು ಬೇಕೆಂದೇ ಕಡಿಮೆ, ಸ್ನಾಯುಗಳು ಗಟ್ಟಿಯಾಗುವುದು ವಿಶ್ರಾಂತಿಯಲ್ಲಿ. ಯಾತ್ರೆಯಲ್ಲಿ ಹೊರುವ ಚೀಲವನ್ನೇ, ಹಾಕುವ ಚಪ್ಪಲಿ ಅಥವಾ ಶೂಗಳನ್ನೇ ಈ ಅಭ್ಯಾಸದಲ್ಲೂ ಬಳಸಿ. ಹೊರಡುವ ಹಿಂದಿನ ದಿನ ಹೊಸ ಶೂ ಕೊಂಡವರು ಎರಡನೇ ದಿನವೇ ಗಾಡಿ ಹತ್ತುತ್ತಾರೆ. ಶೂ ಕೊಳ್ಳುವುದಾದರೆ ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆಟ್ಟಿನಷ್ಟು ಜಾಗವಿರಲಿ.

ಗುಳ್ಳೆ ಏಳುವುದಕ್ಕೆ ಕಾರಣ ಒದ್ದೆ ಚರ್ಮದ ಮೇಲಿನ ಉಜ್ಜಾಟ. ಹತ್ತಿ ಕಾಲುಚೀಲ ಬೆವರು ಹೀರಿ ಹಾಗೇ ಇಟ್ಟುಕೊಳ್ಳುತ್ತದೆ. ಬೇಗ ಒಣಗುವ ಸಿಂಥೆಟಿಕ್ ಚೀಲ ಮೂರು ಜೊತೆ ಇರಲಿ, ಎರಡು ಗಂಟೆಗೊಮ್ಮೆ ಬದಲಿಸಿ. ಬೆರಳ ಸಂದಿಗೆ, ಹಿಮ್ಮಡಿಗೆ, ತೊಡೆಯ ಒಳಬದಿಗೆ ವ್ಯಾಸಲಿನ್. ಒಂದು ಜಾಗ ಬಿಸಿಯೆನಿಸಿದ ಕೂಡಲೇ ನಿಂತು ಟೇಪು ಹಾಕಿ, ‘ಮುಂದಿನ ಊರಲ್ಲಿ ನೋಡೋಣ’ ಎನ್ನುವಷ್ಟರಲ್ಲಿ ಗುಳ್ಳೆಯಾಗಿರುತ್ತದೆ. ಸಣ್ಣ ಗುಳ್ಳೆಯನ್ನು ಒಡೆಯಬೇಡಿ. ದೊಡ್ಡದಾಗಿ ನೋಯುತ್ತಿದ್ದರೆ ಶುದ್ಧ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಯಿರಿ, ಮೇಲಿನ ಚರ್ಮ ಕೀಳಬೇಡಿ. ಸಕ್ಕರೆ ಕಾಯಿಲೆಯವರು ಅದನ್ನೂ ಮಾಡಕೂಡದು.

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ‘ಇಳಿಜಾರು ತಾನೇ’ ಎಂದು ದಾಪುಗಾಲು ಹಾಕುತ್ತಾರೆ. ಮಂಡಿಗೆ ಹೊಡೆತ ಬೀಳುವುದು ಹತ್ತುವಾಗಿಗಿಂತ ಇಳಿಯುವಾಗ. ಹೆಜ್ಜೆ ಗಿಡ್ಡ ಮಾಡಿ, ಮಂಡಿ ಸ್ವಲ್ಪ ಬಾಗಿರಲಿ, ಕೈಯಲ್ಲೊಂದು ಕೋಲಿರಲಿ. ಘಟ್ಟದ ಕೆಳಗೆ ಸೆಖೆ, ಬೆವರು ಆರುವುದೇ ಇಲ್ಲ. ಒಂದು ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ, ಸಾಮಾನ್ಯವಾಗಿ ಒಂದು ಲೀಟರಿಗೆ, ಬೆರೆಸಿ ಗುಟುಕು ಗುಟುಕಾಗಿ ಕುಡಿಯಿರಿ. ಅರ್ಧ ಲೋಟಕ್ಕೆ ಇಡೀ ಪೊಟ್ಟಣ ಸುರಿಯುವವರಿದ್ದಾರೆ, ಅದು ಅಪಾಯ. ಮೈನೋವಿಗೆಂದು ಖಾಲಿ ಹೊಟ್ಟೆಯಲ್ಲಿ, ನೀರು ಕುಡಿಯದೆ ಡೈಕ್ಲೊಫೆನಾಕ್‌ನಂಥ ಮಾತ್ರೆ ನುಂಗಬೇಡಿ, ಹೊಟ್ಟೆಗೂ ಮೂತ್ರಪಿಂಡಕ್ಕೂ ಕೆಟ್ಟದ್ದು. ರಾತ್ರಿ ನಡೆಯುವುದಾದರೆ ಹೊಳೆಯುವ ಪಟ್ಟಿಯ ಜಾಕೆಟ್ಟು, ಟಾರ್ಚು. ಎದುರಿಂದ ಬರುವ ಗಾಡಿ ಕಾಣುವಂತೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೊಬ್ಬರು.

ದಿನಕ್ಕೆ ಒಂದು ಗಂಟೆ ಐವರೂ ಮಾತಿಲ್ಲದೆ ನಡೆಯುವ ಕರಾರು ಮಾಡಿಕೊಳ್ಳಿ. ಬೆಳಗಿನ ಜಾವದ ಮೊದಲ ಗಂಟೆ ಇದಕ್ಕೆ ಒಳ್ಳೆಯದು, ಹೇಗೂ ಆಗ ಯಾರಿಗೂ ಮಾತು ಬೇಡ.

ಪ್ರಶ್ನೆ: ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಬಂದಿದ್ದೇವೆ. ಆರು ತಿಂಗಳು ಇರಬೇಕು. ಬೀದಿಯಲ್ಲಿ ನರಪಿಳ್ಳೆ ಇಲ್ಲ, ಕೆಲವು ಕಡೆ ಫುಟ್‌ಪಾತೂ ಇಲ್ಲ, ನಾಲ್ಕೂವರೆಗೇ ಕತ್ತಲೆ. ನಮ್ಮವರು ದಿನವಿಡೀ ಯೂಟ್ಯೂಬ್ ಮುಂದೆ ಕೂತಿರುತ್ತಾರೆ. ಮನಸ್ಸು ಮಂಕಾಗಿದೆ.
– ಓದುಗರು, ಸದ್ಯ ಎಡಿಸನ್

ಉತ್ತರ: ಡಿಸೆಂಬರಿನಲ್ಲಿ ಅಲ್ಲಿ ಬೆಳಕೇ ಔಷಧ. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ಒಳಗೆ, ಮಗು ಮಲಗಿದಾಗ ಒಬ್ಬೊಬ್ಬರಾಗಿಯಾದರೂ 20 ನಿಮಿಷ ಹೊರಗೆ ಹೋಗಿ. ಮೋಡವಿದ್ದರೂ ಸರಿ. ಫುಟ್‌ಪಾತ್ ಇಲ್ಲದ ಕಡೆ ಎದುರು ಗಾಡಿ ಕಾಣುವ ಬದಿ ಹಿಡಿಯಬೇಕು. ಅಲ್ಲಿ ಗಾಡಿಗಳು ಬಲಕ್ಕೆ ಓಡುವುದರಿಂದ ನಿಮ್ಮದು ಎಡಬದಿ. ನಮ್ಮೂರಿನ ಅಭ್ಯಾಸದಲ್ಲಿ ರಸ್ತೆ ದಾಟುವಾಗ ತಪ್ಪು ಕಡೆ ಮೊದಲು ನೋಡುತ್ತೀರಿ, ಎರಡೂ ಕಡೆ ಎರಡು ಸಲ ನೋಡಿ.

ಉಣ್ಣೆಯ ಒಂದು ದಪ್ಪ ಕೋಟಿಗಿಂತ ತೆಳುವಾದ ಮೂರು ಪದರ ಬೆಚ್ಚಗೆ. ಸೀರೆಯ ಕೆಳಗೆ ಉಣ್ಣೆಯ ಕಾಲುಚೀಲ ಹಾಕಿ ಚಪ್ಪಲಿ ಮೆಟ್ಟಿ ಹೊರಡಬೇಡಿ, ಅಡಿ ಒರಟಾಗಿರುವ ಬೂಟು ಬೇಕು. ಒದ್ದೆಯಂತೆ ಕಾಣುವ ಕಪ್ಪು ರಸ್ತೆ ಕೆಲವು ಸಲ ತೆಳು ಮಂಜುಗಡ್ಡೆಯಾಗಿರುತ್ತದೆ. ಅಲ್ಲಿ ಪೆಂಗ್ವಿನ್ ಹಾಗೆ ನಡೆಯಿರಿ: ಪುಟ್ಟ ಹೆಜ್ಜೆ, ಪಾದ ಪೂರ್ತಿ ಒಮ್ಮೆಗೇ ನೆಲಕ್ಕೆ, ಮೈಭಾರ ಮುಂದಿನ ಕಾಲಿನ ಮೇಲೆ, ಕೈ ಜೇಬಿನಿಂದ ಹೊರಗೆ. ಇದಕ್ಕಿಂತ ಗಮನದ ನಡಿಗೆ ಬೇರೆ ಬೇಕಿಲ್ಲ. ತೀರಾ ಹಿಮವಿದ್ದ ದಿನ ಮಾಲಿನೊಳಗೆ ನಡೆಯಿರಿ, ಅಲ್ಲಿನ ಹಿರಿಯರೂ ಹಾಗೇ ಮಾಡುತ್ತಾರೆ.

ನಿಮ್ಮವರನ್ನು ಸಾರ್ವಜನಿಕ ಗ್ರಂಥಾಲಯಕ್ಕೆ ನಡೆಸಿಕೊಂಡು ಹೋಗಿ, ಕುಳಿತು ಓದಲು ದುಡ್ಡು ಕೊಡಬೇಕಿಲ್ಲ. ಚಳಿ ಇಳಿದ ಮೇಲೆ ವಾರಾಂತ್ಯದಲ್ಲಿ ಅಳಿಯಂದಿರಿಗೆ ಹೇಳಿ ಡೆಲವೇರ್ ಆ್ಯಂಡ್ ರಾರಿಟನ್ ಕಾಲುವೆಯ ದಂಡೆಗೆ ಹೋಗಿ. ಹತ್ತೊಂಬತ್ತನೇ ಶತಮಾನದ ಕಾಲುವೆ, ಪಕ್ಕದಲ್ಲೇ ಸಮತಟ್ಟಾದ ಉದ್ದನೆಯ ಕಾಲುದಾರಿ. ಹುಲ್ಲಿಗೆ ಇಳಿಯಬೇಡಿ. ಅಲ್ಲಿನ ಜಿಂಕೆ ಉಣ್ಣೆಹುಳ ಕಚ್ಚಿದರೆ ಲೈಮ್ ಎಂಬ ಕಾಯಿಲೆ ಬರಬಹುದು. ಮನೆಗೆ ಬಂದು ಮಂಡಿ ಹಿಂಭಾಗ, ಕಂಕುಳು ನೋಡಿಕೊಳ್ಳಿ.

ಪ್ರಶ್ನೆ: ಮೌನವಾಗಿ ನಡೆಯಲು ಶುರುಮಾಡಿದ ಮೇಲೆ ಎದೆಬಡಿತವೇ ಕೇಳಿಸಿ ಗಾಬರಿಯಾಗುತ್ತದೆ. ಕೆಲವು ದಿನ ಅಳು ಬರುತ್ತದೆ. ನಿಲ್ಲಿಸಲೇ?
– ಹೆಸರು ಬೇಡ, ಬಳ್ಳಾರಿ

ಉತ್ತರ: ಗಮನವನ್ನು ಮೈಯೊಳಗೆ ತಿರುಗಿಸುವುದು ಎಲ್ಲರಿಗೂ ಹಿತವಲ್ಲ. ಆತಂಕದ ಸ್ವಭಾವದವರಿಗೆ, ಹಿಂದೆ ದೊಡ್ಡ ಆಘಾತ ಕಂಡವರಿಗೆ ಅದರಿಂದ ಗಾಬರಿ ಹೆಚ್ಚಬಹುದು. ನಿಮ್ಮದು ತಪ್ಪು ಅಭ್ಯಾಸವಲ್ಲ, ಅಭ್ಯಾಸದ ದಿಕ್ಕು ಬದಲಾಗಬೇಕು ಅಷ್ಟೆ. ಹೆಜ್ಜೆ, ಉಸಿರು, ಎದೆ ಮೂರನ್ನೂ ಬಿಡಿ. ಕಣ್ಣಿಗೆ ಕಾಣುವ ಐದು ಹಸಿರು ವಸ್ತು, ಮೂರು ಸದ್ದು, ಗಾಳಿ ಬೀಸುವ ದಿಕ್ಕು, ಹೀಗೆ ಹೊರಗಿನದನ್ನು ಹೆಸರಿಸುತ್ತಾ ಮಾಮೂಲಿ ವೇಗದಲ್ಲಿ, ಯಾರ ಜೊತೆಗಾದರೂ ನಡೆಯಿರಿ. ಐದು ನಿಮಿಷ ಸಾಕು. ನಡೆಯುವಾಗ ಎದೆನೋವು, ತಲೆ ತಿರುಗುವುದು, ಉಸಿರು ಕಟ್ಟುವುದು ಇದ್ದರೆ ಮೊದಲು ಹೃದಯದ ಪರೀಕ್ಷೆ ಆಗಲಿ, ಗಾಬರಿ ಎಂದು ತಳ್ಳಿಹಾಕಬೇಡಿ.

ಎರಡು ವಾರಕ್ಕೂ ಮೀರಿ ಅಳು, ನಿದ್ದೆಗೇಡು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಇದ್ದರೆ ಅದಕ್ಕೆ ನಡಿಗೆಯೊಂದೇ ಚಿಕಿತ್ಸೆಯಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎನ್ನಿಸಿದ್ದರೆ ಈ ಸಾಲು ಓದಿದ ಕೂಡಲೇ ಫೋನ್ ಮಾಡಿ.

ಪ್ರಶ್ನೆ: ಬೆಳಿಗ್ಗೆ ಐದಕ್ಕೆ ಹೊರಟರೆ ಬೀದಿನಾಯಿಗಳ ಕಾಟ. ಭಯದಲ್ಲಿ ಎಂಥ ಗಮನ?
– ಓದುಗರು, ಕಲಬುರಗಿ

ಉತ್ತರ: ಬೆಳಕು ಹರಿದ ಮೇಲೆ ಹೊರಡಿ, ಅರ್ಧ ಕಾಟ ಅಲ್ಲಿಗೇ ಮುಗಿಯಿತು. ಅಟ್ಟಿಸಿಕೊಂಡು ಬಂದರೆ ಓಡಬೇಡಿ. ನಿಂತು, ಕಣ್ಣಿಗೆ ಕಣ್ಣು ಕೊಡದೆ, ಪಕ್ಕಕ್ಕೆ ತಿರುಗಿ, ಮೆಲ್ಲಗೆ ಹಿಂದೆ ಸರಿಯಿರಿ. ಕೋಲು ಬೀಸುವುದಕ್ಕಿಂತ ಅದನ್ನು ನಿಮಗೂ ನಾಯಿಗೂ ನಡುವೆ ಅಡ್ಡ ಹಿಡಿಯುವುದು ಮೇಲು. ಕಚ್ಚಿದರೆ, ಹಲ್ಲು ತರಚಿದರೂ ಸಹ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ಗಡಿಯಾರ ನೋಡಿ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ, ಖಾರದಪುಡಿ ಯಾವುದನ್ನೂ ಮೆತ್ತಬೇಡಿ.

ಪ್ರಶ್ನೆ: ಜೊತೆಗೆ ನಡೆಯೋಣ ಎಂದು ಹೊರಡುತ್ತೇವೆ. ನಮ್ಮ ಯಜಮಾನರು ಇಪ್ಪತ್ತು ಮಾರು ಮುಂದೆ, ನಾನು ಹಿಂದೆ. ಮೂವತ್ತು ವರ್ಷದ ಕಥೆ ಇದು. ಉಪಾಯ ಹೇಳಿ.
– ಓದುಗರು, ಮಂಡ್ಯ

ಉತ್ತರ: ಉದ್ದ ಕಾಲಿನವರ ಸಹಜ ವೇಗವೇ ಬೇರೆ, ಬೇಕೆಂದು ಮಾಡುವುದಲ್ಲ ಎಂದು ಅವರ ಪರವಾಗಿ ಒಂದು ಮಾತು. ಮೊದಲ 20 ನಿಮಿಷ ಅವರು ಅವರ ವೇಗದಲ್ಲಿ ಮುಂದೆ ಹೋಗಿ, ಅಲ್ಲಿಂದ ನಿಮ್ಮ ಕಡೆಗೆ ತಿರುಗಿ ಬರಲಿ. ಎದುರಾದ ಜಾಗದಿಂದ ಮನೆಯವರೆಗೆ ನಿಮ್ಮ ವೇಗದಲ್ಲಿ ಇಬ್ಬರೂ. ಅದಕ್ಕೂ ಒಪ್ಪದಿದ್ದರೆ ದಾರಿಯಲ್ಲಿ ತರಕಾರಿ ಕೊಂಡು ಚೀಲ ಅವರ ಕೈಗೆ ಕೊಡಿ. ಎರಡು ಕೆ.ಜಿ. ಕುಂಬಳಕಾಯಿ ಸಾಕಾಗುತ್ತದೆ.